ಎಂಟು ಸೆಟ್ಟಿಗಳು, ಎಂಭತ್ತು ಒಕ್ಕಲು: ನರೇಗಲ್ ಸೀಮೆಯಲ್ಲಿ ಕೂಡಿ ಕುಳಿತು ನಿರ್ಧರಿಸುವ ಪದ್ಧತಿಯ ಚರಿತ್ರೆ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಚಿಕೆಯ ಸಮಿತಿಯವರು ಕೇಳಿಕೊಂಡಾಗ ನಾವು ಮೊದಲು ತೆರೆದು ನೋಡಿದ್ದು ಗುರುನಿವಾಸದ ಕಪಾಟಿನಲ್ಲಿರುವ ಹಳೆಯ ಪುಸ್ತಕಗಳನ್ನು. ಜ್ಞಾನಸ್ನಾನದ ದಾಖಲೆ, ವಿವಾಹದ ದಾಖಲೆ, ಮರಣದ ದಾಖಲೆ, ಆಯವ್ಯಯದ ಲೆಕ್ಕ. ಯಾವ ಗುರುಗಳ ಕಾಲದಲ್ಲಿ ಯಾವ ಕಟ್ಟಡ ಎದ್ದಿತು, ಯಾವಾಗ ಹಂಚು ತೆಗೆದು ಚಾವಣಿ ಹಾಕಿಸಲಾಯಿತು ಎಂಬುದನ್ನೆಲ್ಲ ವಾಚಕರು ಈ ಸಂಚಿಕೆಯ ಬೇರೆ ಪುಟಗಳಲ್ಲಿ ಓದಬಹುದು. ನಾವು ಹುಡುಕಿದ ಒಂದು ಸಂಗತಿ ಮಾತ್ರ ಆ ಪುಸ್ತಕಗಳಲ್ಲಿ ಸಿಗಲಿಲ್ಲ. ಇವನ್ನೆಲ್ಲ ಮಾಡಬೇಕೆಂದು ನಿರ್ಧರಿಸಿದವರು ಯಾರು? ಎಲ್ಲಿ ಕುಳಿತು, ಯಾರನ್ನು ಕೇಳಿ ನಿರ್ಧರಿಸಿದರು? ‘ಗುರುಗಳು ಮಾಡಿಸಿದರು’ ಎಂಬ ಒಂದೇ ಮಾತು ಪುಟಪುಟದಲ್ಲಿಯೂ ಇದೆ. ಕಲ್ಲು ಹೊತ್ತವರು, ಸುಗ್ಗಿಯಲ್ಲಿ ಜೋಳದ ಚೀಲ ತಂದು ಒಪ್ಪಿಸಿದವರು, ಮಣ್ಣು ತುಳಿದ ತಾಯಂದಿರು ಏನು ಹೇಳಿದರೆಂಬುದಕ್ಕೆ ಸಾಕ್ಷಿಯಿಲ್ಲ. ಆದಕಾರಣ ಈ ಲೇಖನದಲ್ಲಿ ನಾವು ಕಟ್ಟಡಗಳ ಚರಿತ್ರೆಯನ್ನು ಬಿಟ್ಟು, ಜನರು ಕೂಡಿ ಕುಳಿತು ಮಾತನಾಡಿ ಒಂದು ನಿರ್ಣಯಕ್ಕೆ ಬರುವ ಪದ್ಧತಿಯ ಚರಿತ್ರೆಯನ್ನು, ಈ ನಮ್ಮ ಸೀಮೆಯನ್ನೇ ಮುಖ್ಯವಾಗಿಟ್ಟುಕೊಂಡು, ಬರೆಯಲು ಯತ್ನಿಸಿದ್ದೇವೆ.

ಈ ವಿಷಯವನ್ನೇ ಆರಿಸಿಕೊಂಡದ್ದಕ್ಕೆ ಸ್ವಂತದ ಕಾರಣವೊಂದುಂಟು. ಅದನ್ನು ಮುಚ್ಚಿಟ್ಟು ಚರಿತ್ರೆಯನ್ನು ಬರೆಯುವುದು ಪ್ರಾಮಾಣಿಕತೆಯಾಗದು. ಅನೇಕ ವರ್ಷಗಳ ಹಿಂದೆ, ಇದೇ ಎರೆಭೂಮಿಯ ಬೇರೊಂದು ಧರ್ಮಕೇಂದ್ರದಲ್ಲಿ, ನಾವು ಹೊಸದಾಗಿ ಪಾಲಕ ಗುರುಗಳಾಗಿ ಹೋಗಿದ್ದೆವು. ಬೇಸಗೆಯಲ್ಲಿ ಜನರು ನೀರಿಗಾಗಿ ಪಡುವ ಪಾಡನ್ನು ಕಂಡು ಮನಸ್ಸು ಕರಗಿ, ದೇವಾಲಯದ ಹಿಂಭಾಗದಲ್ಲಿ ಕೊಳವೆಬಾವಿಯೊಂದನ್ನು ಕೊರೆಸಲು ನಿಶ್ಚಯಿಸಿದೆವು. ಹಣವನ್ನು ಹೊಂದಿಸಿದವರು ನಾವೇ. ಸ್ಥಳವನ್ನು ಗೊತ್ತುಮಾಡಿದವರೂ ನಾವೇ. ಊರ ಹಿರಿಯರೊಬ್ಬರಿಗೆ ಹೇಳಿದ್ದುಂಟು, ಕೇಳಿದ್ದಿಲ್ಲ. ಯಂತ್ರ ಬಂದಿತು, ನೀರೂ ಬಂದಿತು. ಮಕ್ಕಳು ಕುಣಿದಾಡಿದರು. ಆ ನೀರನ್ನು ಬಾಯಿಗಿಟ್ಟುಕೊಂಡ ವೃದ್ಧೆಯೊಬ್ಬರು ಮಾತ್ರ ಉಗುಳಿ, ಸೆರಗಿನಿಂದ ಬಾಯೊರೆಸಿಕೊಂಡು, “ಅಲ್ಲಿ ಸವಳ ನೀರ ಅದಾವ್ರೀ ಫಾದರ್. ನಮ್ಮವ್ವ ಇದ್ದಾಗಿಂದ ಗೊತ್ತೈತಿ” ಎಂದರು. ಹಾಗಾದರೆ ಮೊದಲೇ ಏಕೆ ಹೇಳಲಿಲ್ಲವೆಂದು ನಾವು ತುಸು ಕೋಪದಿಂದಲೇ ಕೇಳಿದೆವು. “ನಮ್ಮನ್ನ ಯಾರ ಕೇಳ್ಯಾರ್ರೀ?” ಎಂದು ಆ ತಾಯಿ ಯಾವ ಆಕ್ಷೇಪಣೆಯ ಧ್ವನಿಯೂ ಇಲ್ಲದೆ ಹೇಳಿ, ಕೊಡವನ್ನೆತ್ತಿಕೊಂಡು ಎಂದಿನ ಬಾವಿಯ ಕಡೆಗೆ ನಡೆದರು. ಆ ಕೊಳವೆಬಾವಿಯ ನೀರು ಕೊನೆಗೆ ಬಟ್ಟೆ ಒಗೆಯುವುದಕ್ಕೂ ಸರಿಹೋಗಲಿಲ್ಲ. ಐವತ್ತು ವರ್ಷ ನೀರು ಹೊತ್ತವರಿಗೆ ತಿಳಿದಿದ್ದ ಸಂಗತಿ, ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಓದಿ ಬಂದ ನಮಗೆ ತಿಳಿದಿರಲಿಲ್ಲ. ಇದಕ್ಕೆ ಹೊಣೆ ನಾವೇ ಹೊರತು ಮತ್ತಾರೂ ಅಲ್ಲ.

ಇನ್ನು ಚರಿತ್ರೆಗೆ ಬರೋಣ.

ನರೇಗಲ್ಲು ಹಳೆಯ ಊರು. ಸುಮಾರು ಕ್ರಿ.ಶ. 950ರಲ್ಲಿ, ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಗಂಗ ಪೆರ್ಮಾಡಿ ಭೂತಯ್ಯನ ರಾಣಿ ಪದ್ಮಬ್ಬರಸಿಯು ಇಲ್ಲಿ ಬಸದಿಯನ್ನು ಕಟ್ಟಿಸಿದಳು. ಶಾಸನಗಳಲ್ಲಿ ಈ ಊರು ನರೆಯಂಗಲ್ ಎಂದು ಕರೆಯಲ್ಪಟ್ಟಿದೆ. ಬೆಳ್ವೊಲ ಮುನ್ನೂರರೊಳಗೆ ನರೆಯಂಗಲ್ ಹನ್ನೆರಡು ಎಂಬ ಸಣ್ಣ ನಾಡಿಗೆ ಇದೇ ಮುಖ್ಯ ಸ್ಥಳ. ನೆರೆಯಲ್ಲಿಯೇ ಕಿಸುಕಾಡು ಎಪ್ಪತ್ತು ಎಂಬ ಇನ್ನೊಂದು ನಾಡು. ಅಲ್ಲಿಯ ಹೆಸರಾಂತ ಪಟ್ಟಣವೇ ಇಂದು ಜೋಡುಕಳಸದ ಗುಡಿಯಿಂದಲೂ ನಾಗಕುಂಡದಿಂದಲೂ ಪ್ರವಾಸಿಗಳನ್ನು ಸೆಳೆಯುತ್ತಿರುವ ಸೂಡಿ. ಗಜೇಂದ್ರಗಡಕ್ಕೆ ಹೋಗಿಬರುವ ನಮ್ಮವರಲ್ಲಿ ಅನೇಕರು ಸೂಡಿಯನ್ನು ಕಂಡಿದ್ದಾರೆ. ಆದರೆ ಅಲ್ಲಿಯ ಶಾಸನವೊಂದರಲ್ಲಿ ಅಡಗಿರುವ ಸಂಗತಿಯನ್ನು ಬಲ್ಲವರು ಕೆಲವರೇ.

ಕಲ್ಯಾಣದ ಚಾಲುಕ್ಯರ ಒಂದನೆಯ ಸೋಮೇಶ್ವರನ ಆಳ್ವಿಕೆಯಲ್ಲಿ, ಸುಮಾರು 1050ರಲ್ಲಿ, ಈ ಸೀಮೆಯನ್ನು ಆಳುತ್ತಿದ್ದವಳು ಅಕ್ಕಾದೇವಿ. ಈಕೆ ಇಮ್ಮಡಿ ಜಯಸಿಂಹನ ಸೋದರಿ, ಸೋಮೇಶ್ವರನಿಗೆ ಸೋದರತ್ತೆ. ಕೋಟೆಗೆ ಮುತ್ತಿಗೆ ಹಾಕಿದ ವೀರರಾಣಿಯೆಂದು ಚರಿತ್ರೆಯ ಪುಸ್ತಕಗಳು ಈಕೆಯನ್ನು ಹೊಗಳುತ್ತವೆ. ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೊಂದು ಕೆಲಸ. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಸೂಡಿಯ ಪಟ್ಟಣದ ಕಟ್ಟುಕಟ್ಟಳೆಗಳು ಕೆಟ್ಟುಹೋಗಿದ್ದುವು. ಅಕ್ಕಾದೇವಿಯ ಅಧಿಕಾರಿಗಳು ಆ ಕಟ್ಟಳೆಗಳನ್ನು ಪುನಃ ಸ್ಥಾಪಿಸಿ ಕಲ್ಲಿನಲ್ಲಿ ಬರೆಯಿಸಿಕೊಟ್ಟರು. ಕೊಟ್ಟದ್ದು ಒಬ್ಬ ಗೌಡನಿಗಲ್ಲ, ಒಬ್ಬ ದಂಡನಾಯಕನಿಗಲ್ಲ; ಪಟ್ಟಣದ ಎಂಟು ಸೆಟ್ಟಿಗಳಿಗೆ ಮತ್ತು ಎಂಭತ್ತು ಒಕ್ಕಲಿಗೆ. ಅಂದರೆ ಒಂಬೈನೂರೆಪ್ಪತ್ತು ವರ್ಷಗಳ ಹಿಂದೆಯೇ ಈ ಮಣ್ಣಿನಲ್ಲಿ ಮನೆತನಗಳ ಸಮೂಹವೊಂದು, ರಾಜಾಧಿಕಾರವು ಗುರುತಿಸುವ ಸಂಸ್ಥೆಯಾಗಿ ನಿಂತಿತ್ತು. ಯುದ್ಧ ಬಂದು ಊರು ಹಾಳಾದಾಗ, ಮೊದಲು ದುರಸ್ತಿಯಾಗಬೇಕಾದವುಗಳಲ್ಲಿ ಜನರು ಕೂಡಿ ಬಾಳುವ ಕಟ್ಟಳೆಯೂ ಒಂದು ಎಂಬುದನ್ನು ಆ ರಾಣಿ ಅರಿತಿದ್ದಳು.

ಇದು ಒಂಟಿ ನಿದರ್ಶನವೂ ಅಲ್ಲ. ಲೊಕ್ಕಿಗುಂಡಿಯ, ಎಂದರೆ ಇಂದಿನ ಲಕ್ಕುಂಡಿಯ, ಸಾವಿರ ಮಹಾಜನರ ಹೆಸರು ಶಾಸನಗಳಲ್ಲಿ ಬರುತ್ತದೆ. ಅಗ್ರಹಾರಗಳ ಮಹಾಜನರು ದತ್ತಿಗಳನ್ನು ಕಾಯುವುದು, ಕೆರೆಕಟ್ಟೆಗಳನ್ನು ನೋಡಿಕೊಳ್ಳುವುದು, ಸಾಕ್ಷಿ ನಿಲ್ಲುವುದು ಎಲ್ಲವನ್ನೂ ಒಂದು ಸಭೆಯಾಗಿಯೇ ಮಾಡುತ್ತಿದ್ದರು. ಆದರೆ ಚರಿತ್ರೆಯನ್ನು ಓದುವಾಗ ಹೆಮ್ಮೆಯೊಂದೇ ಸಾಲದು. ಆ ಎಂಭತ್ತು ಒಕ್ಕಲಿನಲ್ಲಿ ಲೆಕ್ಕಕ್ಕೆ ಬಾರದವರು ಯಾರು? ಪಟ್ಟಣದ ಹೊರಗೆ ತೊಗಲು ಹದ ಮಾಡುತ್ತಿದ್ದವರು, ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸಭೆಯ ನೆರಳಿನಲ್ಲಿ ನಿಂತಿದ್ದರೇ? ಮಹಾಜನರ ಸಭೆಯಂತೂ ಬ್ರಾಹ್ಮಣರ ಸಭೆಯೇ. ಕಟ್ಟಳೆಯನ್ನು ಬರೆಯಿಸಿಕೊಟ್ಟವಳು ಹೆಣ್ಣು. ಬರೆಯಿಸಿಕೊಂಡ ಸಭೆಯಲ್ಲಿ ಹೆಣ್ಣುಮಕ್ಕಳ ಮಾತೇ ಇಲ್ಲ.

ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು ಹನ್ನೆರಡನೆಯ ಶತಮಾನದ ಕಲ್ಯಾಣ. ಅನುಭವ ಮಂಟಪದ ವಿಷಯವಾಗಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳಿವೆ. ಅದು ಕಟ್ಟಡವೇ, ಸಮೂಹದ ಹೆಸರೇ ಎಂಬ ಚರ್ಚೆ ನಮ್ಮ ಅಧಿಕಾರಕ್ಕೆ ಮೀರಿದ್ದು. ಆದರೆ ಅಲ್ಲಮಪ್ರಭುವಿನ ಹಿರಿತನದಲ್ಲಿ ಬಸವಣ್ಣನವರೂ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ ಮೊದಲಾದ ಶರಣರೂ ಅಕ್ಕಮಹಾದೇವಿ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಶರಣೆಯರೂ ಪ್ರಶ್ನೋತ್ತರ ನಡೆಸಿದರೆಂಬ ಪರಂಪರೆಯ ನೆನಪು, ಹದಿನೈದನೆಯ ಶತಮಾನದ ಶೂನ್ಯಸಂಪಾದನೆಯಲ್ಲಿ ರೂಪು ಪಡೆದು, ಕನ್ನಡ ನಾಡಿನ ಮನಸ್ಸಿನಲ್ಲಿ ಇಂದಿಗೂ ಮಾಸಿಲ್ಲ. ಅಲ್ಲಿ ಮಾತಿಗೆ ತೂಕ ಬಂದದ್ದು ಕುಲದಿಂದಲ್ಲ, ಆಡಿದವರ ಅನುಭವದಿಂದ. ನಮ್ಮ ನೆರೆಹೊರೆಯ ಮಠಗಳ ಅಂಗಳದಲ್ಲಿ ಅನುಭಾವ ಗೋಷ್ಠಿಗಳು ನಡೆಯುವಾಗ ನಾವು ಹೋಗಿ ಕುಳಿತದ್ದುಂಟು. ಕುಳಿತಾಗಲೆಲ್ಲ ನಮಗೆ ನೆನಪಾಗುವುದು ಕಲ್ಯಾಣದ ಕೊನೆ. ಹರಳಯ್ಯ ಮತ್ತು ಮಧುವರಸರ ಮಕ್ಕಳ ವಿವಾಹವನ್ನು ಶರಣರು ಒಪ್ಪಿದರು; ರಾಜ್ಯ ಒಪ್ಪಲಿಲ್ಲ; ರಕ್ತ ಹರಿಯಿತು. ಎಲ್ಲರನ್ನೂ ಒಂದೇ ಹಾಸಿನ ಮೇಲೆ ಕೂರಿಸುವುದು ಸೌಮ್ಯವಾದ ಕೆಲಸವೆಂದು ತಿಳಿದವರು ಈ ಕಥೆಯನ್ನು ಇನ್ನೊಮ್ಮೆ ಓದಬೇಕು.

ನಾವು ಹುಟ್ಟಿ ಬೆಳೆದದ್ದು ಕರಾವಳಿಯಲ್ಲಿ. ಈ ಬಯಲಿಗೆ ಬಂದ ಹೊಸದರಲ್ಲಿ ಒಬ್ಬ ರೈತರು “ನಾಳೆ ಚಾವಡ್ಯಾಗ ದೈವ ಕೂಡತೈತ್ರಿ” ಎಂದಾಗ ನಾವು ಬೆಚ್ಚಿದೆವು. ಕರಾವಳಿಯಲ್ಲಿ ದೈವವೆಂದರೆ ಭೂತ. ಕೋಲ ನಡೆಯುವುದೆಂದೇ ನಾವು ಭಾವಿಸಿದೆವು. ವಿಚಾರಿಸಲಾಗಿ, ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೂಡಿದ ಜನಸಮೂಹಕ್ಕೇ ದೈವವೆಂದು ಹೆಸರೆಂಬುದು ತಿಳಿಯಿತು. ಬಯಲಾಟದ ರಂಗದಲ್ಲಿ ನಿಂತವನು ಎದುರಿಗೆ ಕುಳಿತ ಜನರನ್ನು ದೈವವೆಂದೇ ಸಂಬೋಧಿಸಿ ಕೈಮುಗಿಯುತ್ತಾನೆ. ಜಗಳ ಬಂದರೆ ದೈವದ ಮುಂದೆ ಇಡುತ್ತಾರೆ. ಜಾತ್ರೆಯ ದಿನ ಗೊತ್ತಾಗುವುದು ದೈವದಲ್ಲಿ. ತಪ್ಪಿದವನು ದೈವಕ್ಕೆ ಅಡ್ಡಬೀಳುತ್ತಾನೆ. ತನ್ನ ಹೆಸರಿನಲ್ಲಿ ಇಬ್ಬರೋ ಮೂವರೋ ಕೂಡಿದಲ್ಲಿ ತಾನಿರುವೆನೆಂದು ಪ್ರಭು ಯೇಸು ಹೇಳಿದ ಮಾತನ್ನು ಈ ಸೀಮೆಯ ಜನರಿಗೆ ಬೋಧಿಸುವಾಗ ನಮಗೆ ಇದಕ್ಕಿಂತ ಒಳ್ಳೆಯ ಪದ ದೊರೆತಿಲ್ಲ. ಆದರೆ ಇಲ್ಲಿಯೂ ಅದೇ ಕೊರತೆ. ಚಾವಡಿಯ ಕಟ್ಟೆಯ ಮೇಲೆ ಕೂರುವವರು ಕೆಲವರು, ಕೆಳಗೆ ಕೂರುವವರು ಕೆಲವರು, ದೂರ ನಿಂತು ಕೇಳಬೇಕಾದವರು ಕೆಲವರು. ಹೆಣ್ಣುಮಕ್ಕಳು ಬಾಗಿಲ ಮರೆಯಲ್ಲಿ.

ಧರ್ಮಸಭೆಯ ಪರಂಪರೆಯಲ್ಲಿ ಈ ಪದ್ಧತಿ ಹೊಸದೆಂದು ಕೆಲವು ಹಿರಿಯ ವಿಶ್ವಾಸಿಗಳು ತಿಳಿದಿದ್ದಾರೆ. ಹೊಸದಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಗ್ರೀಕ್ ಭಾಷೆಯನ್ನಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆಯೆಂಬ ದೂರು ಬಂದಿತು. ಹನ್ನೆರಡು ಮಂದಿ ಪ್ರೇಷಿತರು ತಾವೇ ಒಂದು ಆಜ್ಞೆಯನ್ನು ಹೊರಡಿಸಲಿಲ್ಲ. ಶಿಷ್ಯರ ಸಮೂಹವನ್ನೆಲ್ಲ ಕರೆದು, ನಿಮ್ಮೊಳಗಿಂದಲೇ ಏಳು ಮಂದಿಯನ್ನು ಆರಿಸಿರೆಂದರು. ಸಮೂಹವು ಆರಿಸಿದ ಏಳೂ ಹೆಸರುಗಳು ಗ್ರೀಕ್ ಹೆಸರುಗಳೇ ಎಂಬುದನ್ನು ವ್ಯಾಖ್ಯಾನಕಾರರು ಗಮನಿಸಿದ್ದಾರೆ. ಅನ್ಯಾಯವಾಯಿತೆಂದವರ ಕೈಗೇ ಹಂಚಿಕೆಯ ಸೌಟನ್ನು ಕೊಟ್ಟಂತಾಯಿತು. ಸುಮಾರು ಕ್ರಿ.ಶ. 49ರಲ್ಲಿ ಜೆರುಸಲೇಮಿನಲ್ಲಿ ನಡೆದ ಸಭೆಯಲ್ಲಿಯೂ ಬಹಳ ವಾಗ್ವಾದವಾಯಿತೆಂದು ಸಂತ ಲೂಕರು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ವಾಗ್ವಾದದ ಬಳಿಕ ಮೌನ, ಮೌನದಲ್ಲಿ ಸಾಕ್ಷ್ಯ, ಸಾಕ್ಷ್ಯದ ಬಳಿಕ ನಿರ್ಣಯ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ ಮೂರನೆಯ ಅಧ್ಯಾಯದಲ್ಲಿ, ಮುಖ್ಯ ಕಾರ್ಯವೇನಾದರೂ ಬಂದಾಗ ಮಠಾಧಿಪತಿಯು ಎಲ್ಲ ಸೋದರರನ್ನೂ ಕರೆದು ಕೇಳಬೇಕೆಂದು ವಿಧಿಸಿದರು. ಎಲ್ಲರನ್ನೂ ಏಕೆ? ಕಿರಿಯವನಿಗೂ ದೇವರು ಒಳ್ಳೆಯದನ್ನು ತೋರಿಸಿಕೊಡಬಹುದು ಎಂಬುದೇ ಅವರು ಕೊಟ್ಟ ಕಾರಣ.

ನಮ್ಮ ದೇಶದಲ್ಲಿಯೇ ಕೇರಳದ ಸಂತ ತೋಮಾಸರ ಕ್ರೈಸ್ತರಲ್ಲಿ ಪಳ್ಳಿಯೋಗವೆಂಬ ಸಭೆ ಶತಮಾನಗಳಿಂದ ದೇವಾಲಯದ ಆಸ್ತಿಪಾಸ್ತಿಯನ್ನೂ ಸಮುದಾಯದ ಶಿಸ್ತನ್ನೂ ನೋಡಿಕೊಂಡು ಬಂದಿದೆ. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಪ್ರತಿಯೊಂದು ವಾಡೊಗೂ ಒಬ್ಬ ಗುರ್ಕಾರರಿದ್ದಾರೆ. ನಮ್ಮ ಬಾಲ್ಯದಲ್ಲಿ ಸಾವಿನ ಮನೆಗೆ ಗುರುಗಳಿಗಿಂತ ಮುಂಚೆ ಬರುತ್ತಿದ್ದವರು ಗುರ್ಕಾರರೇ. ಮದುವೆಯ ಮಾತುಕತೆಗೆ ಅವರೇ. ಗಡಿಯ ಜಗಳಕ್ಕೂ ಅವರೇ. ಇವೆಲ್ಲ ಒಳ್ಳೆಯ ಪದ್ಧತಿಗಳು. ಆದರೆ ಪಳ್ಳಿಯೋಗದಲ್ಲಿ ಕೂರುತ್ತಿದ್ದವರು ಮನೆತನದ ಗಂಡಸರು; ನಮ್ಮ ಬಾಲ್ಯದ ಗುರ್ಕಾರರೂ ಗಂಡಸರೇ, ಹೆಚ್ಚಾಗಿ ಆಸ್ತಿವಂತರೇ. ಸೂಡಿಯ ಎಂಭತ್ತು ಒಕ್ಕಲನ್ನು ಕೇಳಿದ ಪ್ರಶ್ನೆಯನ್ನು ನಮ್ಮವರನ್ನೂ ಕೇಳಬೇಕಾಗುತ್ತದೆ.

ಈಗ ಮತ್ತೆ ಗದಗಿಗೆ ಬರೋಣ, ಏಕೆಂದರೆ ನಮ್ಮ ಕಾಲಕ್ಕೆ ಹತ್ತಿರವಾದ ದೊಡ್ಡ ಪ್ರಯೋಗ ನಡೆದದ್ದು ಇಲ್ಲಿಯೇ. ಗದಗ ತಾಲ್ಲೂಕಿನ ಕಣಗಿನಹಾಳದ ಹೆಸರನ್ನು ಸಹಕಾರ ಚಳವಳಿಯ ಚರಿತ್ರೆಯನ್ನು ಬರೆದವರಾರೂ ಬಿಡಲಾರರು. 1904ರಲ್ಲಿ ಆಗಿನ ಸರಕಾರವು ಸಹಕಾರಿ ಪತ್ತಿನ ಸಂಘಗಳ ಕಾಯಿದೆಯನ್ನು ಮಾಡಿತು. ಮರುವರ್ಷವೇ, 1905ರಲ್ಲಿ, ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರಿನ ರೈತರನ್ನು ಕೂಡಿಸಿಕೊಂಡು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಆ ಕಾಯಿದೆಯಡಿ ದೇಶದಲ್ಲಿಯೇ ಮೊದಲನೆಯ ಕೃಷಿ ಪತ್ತಿನ ಸಂಘವೆಂಬ ಕೀರ್ತಿ ಅದಕ್ಕೆ ಸಲ್ಲುತ್ತದೆ. ಹಳೆಯ ಧಾರವಾಡ ಜಿಲ್ಲೆಯ ರೈತನು ಬರಗಾಲದಲ್ಲಿ ಸಾಹುಕಾರನ ಬಾಗಿಲಿಗೆ ಹೋಗಿ, ಬೆಳೆ ಬಂದಾಗ ಬೆಳೆಯನ್ನೂ ಬಾರದಾಗ ಹೊಲವನ್ನೂ ಒಪ್ಪಿಸಬೇಕಾಗಿದ್ದ ಕಾಲ ಅದು. 1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದರು.

ಆ ಕಾಯಿದೆಯ ಒಂದು ನಿಯಮವನ್ನು ವಾಚಕರ ಗಮನಕ್ಕೆ ತರಬೇಕು. ಒಂದೇ ಊರಿನ ಹತ್ತು ಮಂದಿ ಸೇರಿದರೆ ಸಂಘವನ್ನು ಮಾಡಬಹುದಾಗಿತ್ತು. ಗ್ರಾಮೀಣ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯಗಾರರೇ ಆಗಿರಬೇಕಾಗಿತ್ತು. ಮತ್ತು ಸಂಘದ ಸಾಲಕ್ಕೆ ಸದಸ್ಯರೆಲ್ಲರ ಹೊಣೆ ಅಪರಿಮಿತ. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ರೈಫೈಸನ್ ಎಂಬ ಪುರಸಭಾಧ್ಯಕ್ಷರು ಬಡ ರೈತರಿಗಾಗಿ ರೂಪಿಸಿದ ಪದ್ಧತಿ ಇದು. ಅಪರಿಮಿತ ಹೊಣೆಯೆಂದರೇನು? ನೆರೆಮನೆಯ ಬಸಪ್ಪ ಸಾಲ ತೀರಿಸದಿದ್ದರೆ ಕಲ್ಲಪ್ಪನ ಎತ್ತು ಹೋದೀತು ಎಂದರ್ಥ. ಆದುದರಿಂದ ಬಸಪ್ಪನಿಗೆ ಸಾಲ ಕೊಡಬೇಕೇ, ಎಷ್ಟು ಕೊಡಬೇಕು, ಯಾತಕ್ಕೆಂದು ಕೊಡಬೇಕು ಎಂಬುದನ್ನು ಕಚೇರಿಯಲ್ಲಿ ಕುಳಿತ ಗುಮಾಸ್ತನೊಬ್ಬನು ನಿರ್ಧರಿಸಿದರೆ ನಡೆಯದು; ಅವನ ಹೊಲವನ್ನೂ ಮನೆಯನ್ನೂ ಗುಣಾವಗುಣಗಳನ್ನೂ ಬಲ್ಲವರು ಎದುರುಬದುರು ಕುಳಿತು ಮಾತನಾಡಲೇಬೇಕು. ದೊಡ್ಡ ಜಮೀನುಳ್ಳವನಿಗೂ ಎರಡೆಕರೆಯವನಿಗೂ ಒಂದೇ ಮತ. ಈ ತತ್ತ್ವದ ಬಲ ಇದರಲ್ಲಿದೆ: ನಿರ್ಣಯದ ಭಾರವನ್ನು ಹೊರುವವನು ನಿರ್ಣಯದಲ್ಲಿ ಕೂರಲೇಬೇಕು. ಧರ್ಮಕೇಂದ್ರದ ಸಭೆಗಳಲ್ಲಿ ನಾವು ಬಹುಕಾಲ ಮರೆತದ್ದು ಇದನ್ನೇ. ಭಾರವನ್ನು ಜನರ ಮೇಲೆ ಹೊರಿಸಿದೆವು, ನಿರ್ಣಯವನ್ನು ನಮ್ಮ ಕೈಯಲ್ಲಿಟ್ಟುಕೊಂಡೆವು.

ಕಥೋಲಿಕರು ಈ ಕೆಲಸದಲ್ಲಿ ಹಿಂದುಳಿದಿರಲಿಲ್ಲವೆಂಬುದನ್ನು ಸಂತೋಷದಿಂದ ಸ್ಮರಿಸಬೇಕು. ಛೋಟಾನಾಗಪುರದಲ್ಲಿ ಯೇಸುಸಭೆಯ ಹಾಫ್‌ಮನ್ ಗುರುಗಳು 1909ರಲ್ಲಿ ಆದಿವಾಸಿಗಳಿಗಾಗಿ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದರು. ಮಂಗಳೂರಿನಲ್ಲಿ 1912ರಲ್ಲಿ ಕಥೋಲಿಕ್ ಸಹಕಾರಿ ಬ್ಯಾಂಕು ಹುಟ್ಟಿತು. ಆದರೆ ಕಾಲಕ್ರಮದಲ್ಲಿ ದೇಶದ ಅನೇಕ ಸಹಕಾರಿ ಸಂಘಗಳು ದೊಡ್ಡವಾದುವು. ದೊಡ್ಡವಾದಂತೆ ಸದಸ್ಯರು ಒಬ್ಬರನ್ನೊಬ್ಬರು ಅರಿಯದಾದರು, ಬಲಿಷ್ಠರು ಆಡಳಿತವನ್ನು ಹಿಡಿದರು. ಕರ್ನಾಟಕದಲ್ಲಿ ಮೈರಾಡ ಸಂಸ್ಥೆಯವರು 1984–85ರ ಸುಮಾರಿಗೆ ಕಂಡುಕೊಂಡದ್ದು ಇದನ್ನೇ. ಒಡೆದುಹೋದ ದೊಡ್ಡ ಸಂಘಗಳಿಂದ ಬೇರ್ಪಟ್ಟು, ಪರಸ್ಪರ ನಂಬಿಕೆಯುಳ್ಳ ಹದಿನೈದು ಇಪ್ಪತ್ತು ಮಂದಿ ಸಣ್ಣ ಸಣ್ಣ ಗುಂಪುಗಳಾಗಿ ಕುಳಿತು ಉಳಿತಾಯ ಮಾಡಿ, ತಮ್ಮೊಳಗೇ ಸಾಲ ಕೊಟ್ಟುಕೊಳ್ಳತೊಡಗಿದರು. ಅದೇ ಮುಂದೆ ಸ್ವಸಹಾಯ ಗುಂಪು ಎಂಬ ಹೆಸರಿನಿಂದ ಬೆಳೆಯಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಪ್ರಯೋಗವನ್ನು ಆರಂಭಿಸಿತು. ಎರಡು ಸಾವಿರದ ಇಸವಿಯ ಬಳಿಕ ಸ್ತ್ರೀಶಕ್ತಿ ಗುಂಪುಗಳು ನಮ್ಮ ಹಳ್ಳಿಹಳ್ಳಿಗೂ ಬಂದುವು. ಚಾವಡಿಯ ಬಾಗಿಲ ಮರೆಯಲ್ಲಿ ನಿಂತಿದ್ದವರು ಜಮಖಾನದ ಮೇಲೆ ದುಂಡಗೆ ಕುಳಿತು, ಲೆಕ್ಕದ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸುತ್ತಿರುವುದನ್ನು ಕಂಡಾಗ ನಮಗೆ ಸೂಡಿಯ ಶಾಸನಕ್ಕೆ ಒಂದು ಸಾಲು ಹೊಸದಾಗಿ ಸೇರಿದಂತೆ ತೋರಿತು. ಗ್ರಾಮಸಭೆಗಳ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿಯು ಅವಕ್ಕೆ ಸ್ಥಾನ ಕೊಟ್ಟಿದೆ. ಅವು ಎಷ್ಟರಮಟ್ಟಿಗೆ ಕೂಡುತ್ತವೆಂಬುದು ಓದುಗರಿಗೆ ನಮಗಿಂತ ಚೆನ್ನಾಗಿ ಗೊತ್ತು.

ಧರ್ಮಸಭೆಯಲ್ಲಿ ಬಾಗಿಲು ತೆರೆದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ, 1962ರಿಂದ 1965ರವರೆಗೆ. ಶ್ರೀಸಾಮಾನ್ಯ ವಿಶ್ವಾಸಿಗಳ ಪ್ರೇಷಿತ ಕಾರ್ಯವನ್ನು ಕುರಿತ 1965ರ ಆದೇಶಪತ್ರವು, ಧರ್ಮಕೇಂದ್ರದ ಮಟ್ಟದಲ್ಲಿಯೂ ಗುರುಗಳೂ ಜನರೂ ಸೇರಿ ಆಲೋಚಿಸುವ ಮಂಡಳಿಗಳಿರಲೆಂದು ಹೇಳಿತು. ನಾವು ಗುರುಮಠದ ವಿದ್ಯಾರ್ಥಿಗಳಾಗಿದ್ದಾಗ, 1983ರಲ್ಲಿ, ಹೊಸ ಕಾನೂನು ಸಂಹಿತೆ ಬಂದಿತು. ಅದರ 536ನೆಯ ವಿಧಿ ಪಾಲನಾ ಮಂಡಳಿಯದು. 537ನೆಯದು ಹಣಕಾಸು ಸಮಿತಿಯದು. ಹಣಕಾಸು ಸಮಿತಿ ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇರಲೇಬೇಕು. ಪಾಲನಾ ಮಂಡಳಿಗೆ ಮಾತ್ರ ಸಲಹೆ ಕೊಡುವ ಅಧಿಕಾರವೇ ಹೊರತು ತೀರ್ಪು ಕೊಡುವ ಅಧಿಕಾರವಿಲ್ಲ. ‘ಹಾಗಿದ್ದ ಮೇಲೆ ನಾವು ಯಾಕೆ ಬಂದು ಕೂಡಬೇಕು?’ ಎಂದು ನಮ್ಮ ಯುವಕರು ಕೇಳುತ್ತಾರೆ. ಈ ಪ್ರಶ್ನೆಗೆ ನಯವಾದ ಉತ್ತರಗಳಿವೆ. ನಾವೂ ಬಹಳ ವರ್ಷ ಅವನ್ನೇ ಕೊಟ್ಟೆವು. ಈಗ ಹೀಗೆ ಹೇಳುತ್ತೇವೆ: ಕಾನೂನು ಗುರುಗಳಿಗೆ ಕೊನೆಯ ಮಾತನ್ನು ಕೊಟ್ಟಿದೆ, ಮೊದಲ ಮಾತನ್ನು ಕೊಟ್ಟಿಲ್ಲ. ಬೆನೆಡಿಕ್ಟರ ಮಠಾಧಿಪತಿಗೂ ಕೊನೆಯ ಮಾತಿತ್ತು. ಎಲ್ಲರನ್ನೂ ಕೇಳದೆ ಅದನ್ನಾಡುವ ಹಕ್ಕು ಇರಲಿಲ್ಲ.

ಲ್ಯಾಟಿನ್ ಅಮೆರಿಕದ ಧರ್ಮಾಧ್ಯಕ್ಷರು 1968ರಲ್ಲಿ ಮೆಡೆಲಿನ್ ನಗರದಲ್ಲಿ ಕೂಡಿ ತಳಮಟ್ಟದ ಸಣ್ಣ ಸಮುದಾಯಗಳನ್ನು ಎತ್ತಿಹಿಡಿದರು. ದಕ್ಷಿಣ ಆಫ್ರಿಕದ ಲುಂಕೋ ಕೇಂದ್ರದಿಂದ, ದೇವರ ವಾಕ್ಯವನ್ನು ಏಳು ಹಂತಗಳಲ್ಲಿ ಹಂಚಿಕೊಳ್ಳುವ ಪದ್ಧತಿ ಹರಡಿತು. ಏಷ್ಯದ ಧರ್ಮಾಧ್ಯಕ್ಷರು 1990ರಲ್ಲಿ ಬಾಂಡುಂಗಿನಲ್ಲಿ ಇದೇ ಹಾದಿಯನ್ನು ಒಪ್ಪಿದರು. ನಮ್ಮ ಕಿರು ಕ್ರೈಸ್ತ ಸಮುದಾಯಗಳು ಈ ಬಳ್ಳಿಯ ಚಿಗುರುಗಳು. ದಿವಂಗತ ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಆರಂಭಿಸಿದ ಸಿನೋಡಿನ ಪಯಣದಲ್ಲಿ ಧರ್ಮಕೇಂದ್ರಗಳ ಅಭಿಪ್ರಾಯವನ್ನೂ ಕೇಳಲಾಯಿತು. 2023ರ ಅಕ್ಟೋಬರಿನಲ್ಲಿ ರೋಮಿನ ಆರನೆಯ ಪೌಲರ ಸಭಾಂಗಣದಲ್ಲಿ ಕಂಡ ದೃಶ್ಯವನ್ನು ನಮ್ಮಲ್ಲಿ ಅನೇಕರು ಮೊಬೈಲಿನಲ್ಲಿ ನೋಡಿದರು. ಸಾಲುಸಾಲಾಗಿ ಇಳಿಜಾರಿನ ಪೀಠಗಳಲ್ಲಿ ಕೂರುವ ಬದಲು ಕಾರ್ಡಿನಲರೂ ಧರ್ಮಾಧ್ಯಕ್ಷರೂ ಭಗಿನಿಯರೂ ಗೃಹಸ್ಥರೂ ದುಂಡು ಮೇಜುಗಳ ಸುತ್ತ ಕುಳಿತಿದ್ದರು. ಐವತ್ತಕ್ಕೂ ಹೆಚ್ಚು ಮಂದಿ ಸ್ತ್ರೀಯರಿಗೆ ಮತದಾನದ ಹಕ್ಕಿತ್ತು; ಸಿನೋಡಿನ ಚರಿತ್ರೆಯಲ್ಲಿ ಇದು ಮೊದಲು. 2024ರ ಅಕ್ಟೋಬರ್ 26ರಂದು ಅಂಗೀಕೃತವಾದ ಅಂತಿಮ ದಸ್ತಾವೇಜಿಗೆ ಜಗದ್ಗುರುಗಳು ತಮ್ಮದೇ ಬೇರೆ ಪತ್ರವನ್ನು ಬರೆಯದೆ, ಅದನ್ನೇ ಪ್ರಕಟಿಸಲು ಅಪ್ಪಣೆಯಿತ್ತರು.

ಅಲ್ಲಿ ಅನುಸರಿಸಿದ ಕ್ರಮ ಸರಳವಾದುದು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಮಾತನ್ನು ಹೇಳುತ್ತಾರೆ, ಯಾರೂ ನಡುವೆ ಬಾಯಿ ಹಾಕುವುದಿಲ್ಲ. ಸ್ವಲ್ಪ ಹೊತ್ತು ಮೌನಪ್ರಾರ್ಥನೆ. ಎರಡನೆಯ ಸುತ್ತಿನಲ್ಲಿ ತಮ್ಮ ಮಾತನ್ನಲ್ಲ, ಇತರರ ಮಾತಿನಲ್ಲಿ ಮನಸ್ಸಿಗೆ ತಟ್ಟಿದ್ದನ್ನು ಹೇಳಬೇಕು. ಮತ್ತೆ ಮೌನ. ಮೂರನೆಯದರಲ್ಲಿ ಎಲ್ಲರೂ ಸೇರಿ ಏನು ಒಪ್ಪಿಗೆ, ಏನು ಒಪ್ಪಿಗೆಯಲ್ಲ ಎಂಬುದನ್ನು ಬರೆದುಕೊಳ್ಳುತ್ತಾರೆ. ನಾವು ಇಲ್ಲಿ ಇದನ್ನು ಪ್ರಯೋಗಿಸಿ ನೋಡಿದ್ದೇವೆ. ಸುಲಭವೆಂದು ಹೇಳಲಾರೆವು. ಮೊದಲ ದಿನ ನಮಗಾಗಿ ಯಾರೋ ಕುರ್ಚಿಯನ್ನು ತಂದಿಟ್ಟರು. ಅದನ್ನು ತೆಗೆಸುವುದಕ್ಕೇ ಕಾಲು ಗಂಟೆ ಹಿಡಿಯಿತು. ಜಮಖಾನದ ಮೇಲೆ ಕುಳಿತರೂ ನಾವು ಕುಳಿತ ಕಡೆಯೇ ಸಭೆಯ ಮೇಲ್ತುದಿಯಾಯಿತು. ಎಲ್ಲರೂ ನಮ್ಮ ಮುಖವನ್ನೇ ನೋಡಿ ಮಾತನಾಡಿದರು. ಮಾತು ಬಲ್ಲವರು ಮೊದಲ ಸುತ್ತಿನಲ್ಲಿಯೇ ಮೂರು ಸುತ್ತಿನಷ್ಟು ಮಾತನಾಡಿದರು. ಸರದಿ ಬಂದಾಗ ಕೆಲವು ತಾಯಂದಿರು “ಅವರು ಹೇಳಿದ್ದ ಸರೀರಿ” ಎಂದು ಸೆರಗೆಳೆದುಕೊಂಡರು. ನಾಲ್ಕೈದು ಸಭೆಗಳಾದ ಮೇಲೆ, ಅತಿ ಕಡಿಮೆ ಮಾತನಾಡುವವರಿಂದ ಸುತ್ತನ್ನು ಆರಂಭಿಸುವುದೆಂದೂ ಗುರುಗಳು ಕಟ್ಟಕಡೆಗೆ ಮಾತನಾಡುವುದೆಂದೂ ಗೊತ್ತುಮಾಡಿಕೊಂಡೆವು. ಇಷ್ಟರಿಂದಲೇ ಬಹಳ ವ್ಯತ್ಯಾಸವಾಯಿತು. ಇನ್ನೊಂದು ಅಪಾಯವನ್ನೂ ಹೇಳಿಬಿಡಬೇಕು. ಮೊದಲೇ ನಿಶ್ಚಯಿಸಿಟ್ಟದ್ದನ್ನು ಜನರ ಬಾಯಿಂದ ಹೇಳಿಸುವುದಕ್ಕಾಗಿ ದುಂಡಗೆ ಕೂರಿಸುವುದು ಸಾಲಾಗಿ ಕೂರಿಸಿ ಆಜ್ಞೆ ಮಾಡುವುದಕ್ಕಿಂತಲೂ ಕೆಟ್ಟದ್ದು. ಆಜ್ಞೆಯನ್ನು ಜನರು ಮನಸ್ಸಿನಲ್ಲಾದರೂ ವಿರೋಧಿಸಬಹುದು. ತಮ್ಮ ಹೆಸರಿನಲ್ಲಿಯೇ ಬರೆಯಲ್ಪಟ್ಟ ನಿರ್ಣಯವನ್ನು ವಿರೋಧಿಸುವುದು ಹೇಗೆ? ಈ ತಪ್ಪನ್ನು ಒಂದೆರಡು ಸಲ ನಾವೂ ಮಾಡಿದ್ದೇವೆ.

ಶತಮಾನೋತ್ಸವದ ಸಿದ್ಧತೆಗಾಗಿಯೂ ಹೀಗೆಯೇ ಕುಳಿತೆವು. ದೇವಾಲಯದ ಮುಂದೆ ಕಲ್ಲಿನ ಮಹಾದ್ವಾರವೊಂದು ಏಳಬೇಕೆಂಬುದು ಹಿರಿಯರಲ್ಲಿ ಹಲವರ ಬಹುದಿನದ ಆಸೆ. ನಮ್ಮ ಮನಸ್ಸೂ ಆ ಕಡೆಗೇ ಇತ್ತೆಂದು ಒಪ್ಪಿಕೊಳ್ಳುತ್ತೇವೆ. ದ್ವಾರದ ನಕ್ಷೆಯೊಂದು ನಮ್ಮ ಮೇಜಿನ ಸೆಳೆಖಾನೆಯಲ್ಲಿ ಮೊದಲೇ ಇತ್ತು. ಸುತ್ತು ನಡೆಯುತ್ತಿದ್ದಾಗ, ಹತ್ತನೆಯ ತರಗತಿಯನ್ನು ಮುಗಿಸಿ ಮನೆಯಲ್ಲಿಯೇ ಉಳಿದ ಹುಡುಗಿಯೊಬ್ಬಳು, ದೂರದ ಊರುಗಳಿಗೆ ದುಡಿಯಲು ಹೋಗುವ ಕುಟುಂಬಗಳ ಮಕ್ಕಳು ಇಲ್ಲಿಯೇ ಉಳಿದು ಓದುವಂತೆ ಎರಡು ಕೋಣೆಗಳನ್ನು ಕಟ್ಟಿಸಬಾರದೇ ಎಂದು ಕೇಳಿದಳು. ಎರಡನೆಯ ಸುತ್ತಿನಲ್ಲಿ ಹನ್ನೊಂದು ಮಂದಿ ಆ ಮಾತನ್ನೇ ಎತ್ತಿಕೊಂಡರು. ದ್ವಾರಕ್ಕೆಂದು ಈಗಾಗಲೇ ಹಣ ಕೊಟ್ಟ ಹಿರಿಯರೊಬ್ಬರು, ಕೊಟ್ಟದ್ದು ದ್ವಾರಕ್ಕೆ, ಕೋಣೆಗಲ್ಲ ಎಂದು ನೊಂದುಕೊಂಡೇ ನುಡಿದರು. ಅವರ ನೋವಿನಲ್ಲಿಯೂ ನ್ಯಾಯವಿಲ್ಲದಿಲ್ಲ. ಮೂರನೆಯ ಸುತ್ತು ಅಂದು ಮುಗಿಯಲಿಲ್ಲ. ನಾಲ್ಕು ಸಲ ಕೂಡಿದ್ದಾಯಿತು. ಈ ಸಂಚಿಕೆಯು ಅಚ್ಚಿಗೆ ಹೋಗುವ ಹೊತ್ತಿಗೆ ನಡವಳಿಯ ಪುಸ್ತಕದಲ್ಲಿ, ಆ ಹುಡುಗಿಯದೇ ಕೈಬರಹದಲ್ಲಿ, ಹೀಗೆ ಬರೆದಿದೆ: ನಿರ್ಣಯವಾಗಲಿಲ್ಲ, ಮುಂದಿನ ಭಾನುವಾರ ಬಲಿಪೂಜೆಯ ನಂತರ ಎಲ್ಲರೂ ಮತ್ತೆ ಕೂಡತಕ್ಕದ್ದು, ನಕ್ಷೆಯನ್ನು ಗುರುಗಳು ತರತಕ್ಕದ್ದು.